ಕೆಸರಿನೊಳಗಿನ ಕುಸುರಿ

ಇಟಲಿಯ ಮಜ್ಜೋರೆ ಸರೋವರದ ಜೌಗಿನಲ್ಲಿ 1776ರಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಕೆಸರು ಕದಡಿ, ಮೇಲೆದ್ದ ಗುಳ್ಳೆಗಳನ್ನು ಬೋರಲು ಸೀಸೆಯಲ್ಲಿ ಹಿಡಿದು, ಆ ಅನಿಲ ನೀಲಿಯಾಗಿ ಉರಿಯುವುದನ್ನು ಕಂಡನು. ಮೀಥೇನ್ ಎಂಬ ಆ ಹಸಿರುಮನೆ ಅನಿಲವನ್ನು ತಯಾರಿಸುವವು ಬ್ಯಾಕ್ಟೀರಿಯಾಗಳಿಗಿಂತ ಭಿನ್ನವಾದ, ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು. ಆಮ್ಲಜನಕ ಸುಳಿಯದ ಕಪ್ಪು ಕೆಸರಿನಲ್ಲಿ, ಇತರ ಜೀವಿಗಳು ಬಿಟ್ಟ ಹೈಡ್ರೋಜನ್, ಅಸಿಟೇಟುಗಳಿಂದ ದಕ್ಕುವ ಅತ್ಯಲ್ಪ ಶಕ್ತಿಯಲ್ಲೇ ಅವು ಬದುಕು ಕಟ್ಟಿಕೊಳ್ಳುವ ಪರಿ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಮೀಥೇನ್ ತಯಾರಿಕೆಯ ಕೊನೆಯ ಹೆಜ್ಜೆಯನ್ನು ನಡೆಸುವ ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು, ನಿಕಲ್ ಪರಮಾಣುವನ್ನು ನಡುವಿಟ್ಟುಕೊಂಡ ಹಳದಿ ಅಣುವೊಂದನ್ನು ಆಶ್ರಯಿಸಿದೆ. ಎಫ್420 ಎಂಬ ಮತ್ತೊಂದು ಅಣುವಿನಿಂದಾಗಿ ಈ ಜೀವಕೋಶಗಳು ಅತಿನೇರಳೆ ಬೆಳಕಿನಲ್ಲಿ ಹಸಿರುನೀಲಿಯಾಗಿ ಮಿನುಗುವುದಂತೂ ಅತಿ ಸುಂದರ. ಕರಗಿ ಮೇಲೇರುವ ಮೀಥೇನಿನ ಬಹುಪಾಲನ್ನು ಮೇಲ್ಪದರದ ಮೀಥೇನ್‌ಭಕ್ಷಕ ಬ್ಯಾಕ್ಟೀರಿಯಾಗಳು ಬಳಸಿಕೊಳ್ಳುತ್ತವೆ. ಗುಳ್ಳೆಯಾಗಿ ಚಿಮ್ಮಿದ್ದು ನೇರವಾಗಿ ಗಾಳಿಗೆ ಸೇರುತ್ತದೆ.