ಶಾಲೆ ಬಿಟ್ಟವರ ಶಾಲೆಗೆ ಯಜಮಾನಿಕೆ ಯಾರದು

ಶಾಲೆ ಬಿಟ್ಟ ಮಕ್ಕಳಿಗೆ, ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಮನಸ್ಸು ಬೇರೆಡೆಗೆ ಹೋದ ಹದಿಹರೆಯದವರಿಗೆ ನಡೆಸುವ ಶಾಲೆಯ ಆಡಳಿತ ಸಾಮಾನ್ಯ ಶಾಲೆಯ ಆಡಳಿತಕ್ಕಿಂತ ಕಷ್ಟದ್ದು. ಸಾಮಾನ್ಯ ಶಾಲೆಗೆ ಮಗುವನ್ನು ಮನೆಯವರೇ ತಂದು ಬಿಡುತ್ತಾರೆ, ಕಲಿತಾದ ಮೇಲೆ ಮುಂದಿನ ದಾರಿಯನ್ನೂ ಅವರೇ ನೋಡಿಕೊಳ್ಳುತ್ತಾರೆ. ಶಾಲೆಯ ಪಾಲಿಗೆ ಉಳಿಯುವುದು ನಡುವಿನ ಪಾಠ. ಶಾಲೆ ಬಿಟ್ಟವರ ವಿಷಯದಲ್ಲಿ ಕರೆತರುವುದು, ಉಳಿಸಿಕೊಳ್ಳುವುದು, ಮುಂದೊಂದು ನೆಲೆಗೆ ದಾಟಿಸುವುದು ಮೂರೂ ಶಾಲೆಯ ಕೆಲಸವೇ. ಒಬ್ಬ ಮುಖ್ಯೋಪಾಧ್ಯಾಯರಿಂದ ಇದು ಆಗುವುದಿಲ್ಲ. ಪಾಠ ಹೇಳುವವರು, ಮನೆಮನೆಗೆ ಹೋಗುವವರು, ಊಟ ವಸತಿ ನೋಡುವವರು, ಕಸಬು ಕಲಿಸುವವರು ಸೇರಿದ ತಂಡ ಬೇಕು. ವೇಳಾಪಟ್ಟಿಯನ್ನು ಬದಲಿಸುವ, ಸಣ್ಣ ಮೊತ್ತವನ್ನು ಮೇಲಿನವರನ್ನು ಕೇಳದೆ ಖರ್ಚು ಮಾಡುವ, ಬೇಕಾದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಅಧಿಕಾರ ಆ ತಂಡದ ಕೈಯಲ್ಲಿರಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಇಂಥ ಮಕ್ಕಳಿಗಾಗಿ ಇರುವ ಏರ್ಪಾಡುಗಳನ್ನು ಈ ಅಳತೆಯಲ್ಲಿ ನೋಡಿದರೆ ಯೋಜನೆಗಳಿಗೆ ಬರವಿಲ್ಲ. ತಂಡ ಮಾತ್ರ ಇಲ್ಲ.

ಉತ್ತರ ಕನ್ನಡ ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಕರಾವಳಿಯ ತಾಲ್ಲೂಕುಗಳು ಕಾರವಾರಕ್ಕೆ ಸೇರಿದರೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾಗಳು ಕೂಡಿ ಶಿರಸಿ ಶೈಕ್ಷಣಿಕ ಜಿಲ್ಲೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಇದು ಹಲವು ಸಲ ರಾಜ್ಯದ ಮೇಲಿನ ಸಾಲಿನಲ್ಲಿ ನಿಂತಿದೆ. ಆದರೆ ಫಲಿತಾಂಶದ ಶೇಕಡಾವಾರು ಪರೀಕ್ಷೆಗೆ ಕೂತವರ ಲೆಕ್ಕ. ಎಂಟನೆಯ ತರಗತಿಯಲ್ಲೋ ಒಂಬತ್ತರಲ್ಲೋ ಶಾಲೆ ಬಿಟ್ಟವರು ಆ ಭಿನ್ನರಾಶಿಯ ಮೇಲೂ ಇಲ್ಲ, ಕೆಳಗೂ ಇಲ್ಲ.

ಬಿಡುವ ಕಾರಣ ತಾಲ್ಲೂಕಿಗೊಂದು ಬಗೆ. ಶಿರಸಿ, ಸಿದ್ದಾಪುರದ ಕಣಿವೆಗಳಲ್ಲಿ ಮನೆಗಳು ಚದುರಿವೆ. ಮಳೆಗಾಲದಲ್ಲಿ ಎಷ್ಟೋ ಕಡೆ ಹಳ್ಳ ದಾಟಲು ಕಾಲುಸಂಕವೇ ಗತಿ. ಅಡಿಕೆಯ ಕೊನೆಕೊಯ್ಲು ಶುರುವಾದರೆ ಕೊನೆ ಹೊರಲಿಕ್ಕೆ, ಅಡಿಕೆ ಸುಲಿಯಲಿಕ್ಕೆ ಕೂಲಿ ಮನೆಗಳ ಹುಡುಗ ಹುಡುಗಿಯರಿಗೂ ಕರೆ ಬರುತ್ತದೆ. ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿ, ಗೌಳಿ, ಕುಣಬಿ ಮನೆಗಳಿವೆ. ಸಿದ್ದಿಯರ ಮನೆಮಾತು ಹೆಚ್ಚಾಗಿ ಕೊಂಕಣಿಯ ಒಂದು ರೂಪ, ಗೌಳಿಗರದು ಮರಾಠಿಯ ಒಂದು ರೂಪ. ಶಾಲೆಯ ಮಾತು ಕನ್ನಡ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಗೌಳಿ, ಕುಣಬಿಯರು ಅದೇ ಪಟ್ಟಿಗೆ ಬಹುಕಾಲದಿಂದ ಕೇಳುತ್ತಲೇ ಬಂದಿದ್ದಾರೆ. ಹೀಗಾಗಿ ಒಂದೇ ದಾರಿಯಲ್ಲಿ ದನ ಹೊಡೆದುಕೊಂಡು ಹೋಗುವ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಸಿಗುವ ವಸತಿ ಶಾಲೆಯ ಸವಲತ್ತು ಇನ್ನೊಬ್ಬನಿಗೆ ಅದೇ ರೀತಿಯಲ್ಲಿ ಸಿಗುವುದಿಲ್ಲ. ಇಬ್ಬರೂ ಶಾಲೆ ಬಿಟ್ಟ ಕಾರಣ ಮಾತ್ರ ಒಂದೇ ಆಗಿರಬಹುದು.

ಸರ್ಕಾರದ ಪ್ರಯತ್ನಗಳ ಪಟ್ಟಿ ಸಣ್ಣದಲ್ಲ. 2000ದ ದಶಕದ ಆರಂಭದಲ್ಲಿ ಬಂದ ಚಿಣ್ಣರ ಅಂಗಳ, ಶಾಲೆ ಬಿಟ್ಟ ಮಕ್ಕಳನ್ನು ಬೇಸಿಗೆಯಲ್ಲಿ ಕೆಲವು ವಾರ ಕೂಡಿಸಿ ಓದುಬರಹ ಹಿಡಿಸಿ ಜೂನ್‌ನಲ್ಲಿ ತರಗತಿಗೆ ಸೇರಿಸುವ ಶಿಬಿರ. 2004ರ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆ ಹಿಂದುಳಿದ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ ವಸತಿ ಸಹಿತ ಹಿರಿಯ ಪ್ರಾಥಮಿಕ ಶಿಕ್ಷಣ ಕೊಡುವಂಥದ್ದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಕಲಂ, ಶಾಲೆಯ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. ಇವಲ್ಲದೆ ಆಶ್ರಮ ಶಾಲೆಗಳು, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಇವೆ. ಒಂದೊಂದೂ ಒಂದೊಂದು ಬಾಗಿಲಿಗೆ ಸೇರಿದ್ದು. ತರಬೇತಿ ಕೇಂದ್ರ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ, ಆಶ್ರಮ ಶಾಲೆ ಕಲ್ಯಾಣ ಇಲಾಖೆಗೆ, ಮೊರಾರ್ಜಿ ಶಾಲೆ ವಸತಿ ಶಿಕ್ಷಣ ಸಂಸ್ಥೆಗಳ ಸಂಘಕ್ಕೆ. ಮಗು ಒಂದರಿಂದ ಇನ್ನೊಂದಕ್ಕೆ ದಾಟುವಾಗ ಅದರ ಜೊತೆ ಹೋಗುವುದು ವರ್ಗಾವಣೆ ಪತ್ರವೊಂದೇ. ಮಗುವಿನ ಬಗ್ಗೆ ತಿಳಿದವರು ಹಿಂದೆಯೇ ಉಳಿಯುತ್ತಾರೆ.

ಇವುಗಳ ನಡುವೆ ಹೆಸರಿಗೆ ತಕ್ಕ ಸಾಮೂಹಿಕ ಮುಂದಾಳುತನ ಇರುವುದು ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ. ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯ ಬೆನ್ನಿಗೆ 2001ರಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಆದೇಶದಿಂದ ಹುಟ್ಟಿದ ಈ ಸಮಿತಿ, ಹಿಂದಿನ ಗ್ರಾಮ ಶಿಕ್ಷಣ ಸಮಿತಿಯ ಜಾಗಕ್ಕೆ ಬಂತು. ಮೊದಲಿನದು ಊರಿನ ದೊಡ್ಡವರ ಸಮಿತಿಯಾಗಿತ್ತು, ಹೊಸದು ಪಾಲಕರದು. ಆ ಬದಲಾವಣೆ ದೊಡ್ಡದೇ. ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಂ ಇದೇ ದಾರಿಯಲ್ಲಿ ನಡೆದು, ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿ ಅಥವಾ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ವಿಧಿಸಿತು. ಊರವರೇ ಕೂಡಿ ಶಾಲೆಯ ಕೆಲಸ ಮಾಡುವ ರೂಢಿ ಮಲೆನಾಡಿನಲ್ಲಿ ಹಳೆಯದು, ಅದಕ್ಕೆ ಈ ಸಮಿತಿ ಕಾನೂನಿನ ಬಲ ಕೊಟ್ಟಿತು. ಮಾಡು ಸೋರಿದರೆ, ಬಿಸಿಯೂಟದ ಕೋಣೆ ಕಟ್ಟಬೇಕಾದರೆ, ಶಾಲೆ ಮುಚ್ಚುತ್ತಾರೆಂಬ ಸುದ್ದಿ ಬಂದರೆ ಸಮಿತಿಯವರು ಎದ್ದು ನಿಲ್ಲುತ್ತಾರೆ.

ಶಾಲೆ ಬಿಟ್ಟ ಮಗುವಿನ ಮಟ್ಟಿಗೆ ಮಾತ್ರ ಈ ಸಮಿತಿಯ ರಚನೆಯಲ್ಲೇ ಒಂದು ತೂತಿದೆ. 21ನೆಯ ಕಲಂ ಹೇಳುವುದು ಆ ಶಾಲೆಗೆ ದಾಖಲಾದ ಮಕ್ಕಳ ತಂದೆತಾಯಿಯರನ್ನು. ದಾಖಲಾಗದ ಮಗುವಿನ ತಾಯಿ ಸಮಿತಿಗೆ ನಿಲ್ಲುವಂತಿಲ್ಲ, ಪಾಲಕರ ಸಭೆಗೆ ಬಂದು ಯಾರನ್ನೂ ಆರಿಸುವಂತಿಲ್ಲ. ದುರ್ಬಲ ವರ್ಗದವರಿಗೆ ಪ್ರಮಾಣಕ್ಕೆ ತಕ್ಕ ಪಾಲು ಇರಬೇಕೆಂದು ಕಾಯ್ದೆ ಹೇಳುತ್ತದೆ ನಿಜ, ಅದೂ ದಾಖಲಾದವರೊಳಗಿನ ಪಾಲೇ. ಯಾರ ಮನೆಯ ಮಗು ಬರುತ್ತಿಲ್ಲವೋ ಆ ಮನೆಯ ಮಾತು ಹೊರಗುಳಿದು, ಬರುತ್ತಿರುವ ಮಕ್ಕಳ ಪಾಲಕರು ಬಾರದ ಮಕ್ಕಳ ಬಗ್ಗೆ ತೀರ್ಮಾನಿಸುತ್ತಾರೆ. ಮನೆಭೇಟಿಗೆ ಹೋದ ಸದಸ್ಯರು ತೋಟದ ಯಜಮಾನರೇ ಆಗಿದ್ದರೆ, ಭೇಟಿ ಪಡೆದ ಮನೆ ಅವರ ತೋಟದಲ್ಲಿ ಕೂಲಿಗೆ ಹೋಗುವುದೇ ಆಗಿದ್ದರೆ, ಮಗುವನ್ನು ಯಾಕೆ ಕಳಿಸುತ್ತಿಲ್ಲ ಎಂಬ ಪ್ರಶ್ನೆಗೆ ಖರೆ ಉತ್ತರ ಸಿಗುವುದು ಕಷ್ಟ. ಕೊನೆಕೊಯ್ಲಿನ ತಿಂಗಳಲ್ಲಂತೂ ಕೇಳುವವರಿಗೂ ಉತ್ತರ ಬೇಕಾಗಿರುವುದಿಲ್ಲ.

ಮುಖ್ಯೋಪಾಧ್ಯಾಯರ ಸ್ಥಾನ ಎರಡನೆಯ ತೊಡಕು. ಕಾಯ್ದೆಯ ಅನುಸೂಚಿಯ ಪ್ರಕಾರ ಐದನೆಯ ತರಗತಿಯವರೆಗಿನ ಶಾಲೆಗೆ ಪ್ರತ್ಯೇಕ ಮುಖ್ಯೋಪಾಧ್ಯಾಯರು ಬೇಕಾಗುವುದು ಮಕ್ಕಳು 150 ದಾಟಿದಾಗ. ಆರರಿಂದ ಎಂಟರವರೆಗೆ 100 ದಾಟಿದಾಗ. ಐದನೆಯ ತರಗತಿಯವರೆಗಿನ ಶಾಲೆಗೆ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು. ಚದುರಿದ ಮನೆಗಳ ಈ ತಾಲ್ಲೂಕುಗಳಲ್ಲಿ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳು 150ರ ಹತ್ತಿರಕ್ಕೂ ಹೋಗಲಾರವು. ಅಲ್ಲಿ ಇಬ್ಬರಲ್ಲಿ ಒಬ್ಬರು ಪ್ರಭಾರ ಹೊತ್ತು ಪಾಠ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ಸಭೆ ಎಲ್ಲವನ್ನೂ ನೋಡಬೇಕು. ಬಾರದ ಮಗುವಿನ ಮನೆಗೆ ಎರಡು ಮೈಲಿ ನಡೆದು ಹೋಗುವ ಕೆಲಸ ಈ ಪಟ್ಟಿಯ ಕೊನೆಗೆ ಬೀಳುತ್ತದೆ. ಮೇಲೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಬ್ಲಾಕ್ ಸಂಪನ್ಮೂಲ ವ್ಯಕ್ತಿ (ಬಿಆರ್‌ಪಿ), ಶಿಕ್ಷಣ ಸಂಯೋಜಕ, ಬಿಇಒ, ಜಿಲ್ಲೆಯ ಉಪನಿರ್ದೇಶಕ (ಡಿಡಿಪಿಐ) ಎಂದು ಐದು ಮೆಟ್ಟಿಲುಗಳಿವೆ. ಅವು ವರದಿ ಹತ್ತುವ ಮೆಟ್ಟಿಲುಗಳು. ನೆರವು ಅಷ್ಟೇ ಸಲೀಸಾಗಿ ಇಳಿಯುವುದಿಲ್ಲ.

ವಸತಿ ಶಾಲೆಗಳಲ್ಲಿ ಸಮಸ್ಯೆ ಬೇರೆ. ಅಲ್ಲಿ ಮಗುವನ್ನು ಬೆಳಿಗ್ಗೆ ಎಬ್ಬಿಸಿ ರಾತ್ರಿ ಮಲಗಿಸುವವರು ವಾರ್ಡನ್ ಮತ್ತು ಅಡುಗೆಯವರು. ಮನೆ ನೆನಪಾಗಿ ಮಗು ಗಂಟು ಕಟ್ಟುವುದು ಮೊದಲು ಅವರಿಗೇ ಗೊತ್ತಾಗುತ್ತದೆ. ಆದರೆ ಶಾಲೆಯ ತೀರ್ಮಾನಗಳಲ್ಲಿ ಅಡುಗೆಯವರ ಮಾತಿಗೆ ಜಾಗವಿಲ್ಲ. ವಾರ್ಡನ್ ಮತ್ತು ಮುಖ್ಯೋಪಾಧ್ಯಾಯರ ಅಧಿಕಾರ ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತದೆಂಬುದು ಎಷ್ಟೋ ಕಡೆ ಮನುಷ್ಯರ ಸ್ವಭಾವದ ಮೇಲೆ ನಿಂತಿದೆ. ತಂದೆತಾಯಿ ದೂರದ ವಾಡೆಗಳಲ್ಲಿದ್ದು, ಸಭೆಗೆ ಬರಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು.

ದೂರದ ಯಜಮಾನಿಕೆ ಏನು ಮಾಡುತ್ತದೆಂಬುದಕ್ಕೆ ಈ ನೆಲದಲ್ಲೇ ಒಂದು ಉದಾಹರಣೆಯಿದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೇಂದ್ರಗಳಿಗೆ ಕರೆದೊಯ್ಯಿತು. ಆಟ, ಓದು, ಊಟ, ವಸತಿ ಎಲ್ಲ ಒಂದೇ ಕಡೆ: ಶಾಲೆಯಲ್ಲಿ ಮನಸ್ಸು ನಿಲ್ಲದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪರ್ಯಾಯ ಶಾಲೆ ಕಾಗದದ ಮೇಲೆ ಇರಲಿಕ್ಕಿಲ್ಲ. ಪದಕ ತಂದವರಿದ್ದರು, ಆಟದ ಬಲದಿಂದ ನೌಕರಿ ಹಿಡಿದವರಿದ್ದರು. 1993ರಲ್ಲಿ ಅದು ನಿಂತುಹೋಯಿತು, ಉಳಿದವರು ಊರಿಗೆ ಮರಳಿದರು. ಆಯ್ಕೆಯ ತತ್ವದಲ್ಲೇ ತಪ್ಪಿತ್ತೆಂದು ಈಗ ಹೇಳಬಹುದು, ಸಿದ್ದಿಯರು ಆಫ್ರಿಕಾ ಮೂಲದವರು, ಆಫ್ರಿಕಾ ಮೂಲದವರೆಂದರೆ ಓಟಗಾರರೇ ಎಂಬ ಎಣಿಕೆ ಅದರೊಳಗಿತ್ತು. ಅದಕ್ಕಿಂತ ದೊಡ್ಡ ತಪ್ಪು ಆಡಳಿತದ್ದು: ಶುರು ಮಾಡುವ ತೀರ್ಮಾನದಲ್ಲಾಗಲಿ ನಿಲ್ಲಿಸುವ ತೀರ್ಮಾನದಲ್ಲಾಗಲಿ ಸಿದ್ದಿ ಸಮುದಾಯಕ್ಕೆ ಪಾಲಿರಲಿಲ್ಲ. ನಡುದಾರಿಯಲ್ಲಿ ಇಳಿದವರನ್ನು ಮುಂದಕ್ಕೆ ದಾಟಿಸುವುದು ಯಾರ ಹೊಣೆಯೂ ಆಗಿರಲಿಲ್ಲ.

1980ರ ದಶಕದಲ್ಲೇ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸುತ್ತ ಸಿದ್ದಿಯರೊಡನೆ ನಾಟಕ ಕಟ್ಟಿತು. ಕೆಲಸ ಸಣ್ಣದು, ಹಣವೂ ಸಣ್ಣದು. ಆದರೆ ಅದು ಊರಲ್ಲೇ ನಡೆಯಿತು. ಆಡಿದವರ ಮನೆಮಂದಿ ಎದುರಿಗೆ ಕೂತು ನೋಡಿದರು. ಸಿದ್ದಿ ಸಮುದಾಯದಿಂದ ಮುಂದೆ ರಂಗಭೂಮಿಗೆ ಬಂದವರನ್ನು ನೋಡಿದರೆ ಆ ದಾರಿ ಮುಚ್ಚಿಲ್ಲವೆಂದು ತಿಳಿಯುತ್ತದೆ. ನಾಟಕ ಶಾಲೆಯ ಬದಲಿಯಲ್ಲ, ಅಕ್ಷರ ಲೆಕ್ಕಗಳ ಹೊಣೆ ಅದು ಹೊರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವೂ ಅಲ್ಲ. ಹೋಲಿಕೆ ಸಲ್ಲುವುದು ಒಂದೇ ಅಂಶದಲ್ಲಿ: ಯಾರೆದುರು ಯಾರು ಉತ್ತರಿಸಬೇಕು ಎಂಬುದರಲ್ಲಿ.

ಮಕ್ಕಳನ್ನೇ ಮುಂದಾಳುತನಕ್ಕೆ ಸೇರಿಸಿದ ಪ್ರಯೋಗ ಘಟ್ಟದ ಕೆಳಗಿನದು. ದುಡಿಯುವ ಮಕ್ಕಳಿಗಾಗಿ ಕೆಲಸ ಮಾಡುವ ಸಿಡಬ್ಲ್ಯುಸಿ ಸಂಸ್ಥೆಯ ಬೆಂಬಲದಿಂದ 1990ರಲ್ಲಿ ದುಡಿಯುವ ಮಕ್ಕಳದೇ ಸಂಘಟನೆಯಾದ ಭೀಮ ಸಂಘ ಹುಟ್ಟಿತು. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯತಿಗಳು ನಡೆದವು. ಅಲ್ಲಿಯ ನಮ್ಮ ಭೂಮಿ ಎಂಬ ವಸತಿ ಕೇಂದ್ರದಲ್ಲಿ ಹದಿಹರೆಯದವರಿಗೆ ಓದಿನ ಜೊತೆ ಕಸಬು ಕಲಿಸಿದರು. ಶಾಲೆ ಏಕೆ ಬಿಟ್ಟೆವೆಂಬ ಕಾರಣಗಳನ್ನು ಮಕ್ಕಳೇ ಪಟ್ಟಿ ಮಾಡಿ ಪಂಚಾಯತಿಯ ಮುಂದಿಟ್ಟರು; ಕಾಲುಸಂಕ, ನೀರು, ಹತ್ತಿರದ ಅಂಗನವಾಡಿ ಇಂಥವು ಅದರಲ್ಲಿದ್ದವು. ಈಗ ರಾಜ್ಯದ ಎಲ್ಲ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕೆಂಬ ಆದೇಶದ ಹಿಂದೆ ಈ ಅನುಭವವಿದೆ. ಆದರೆ ಮಕ್ಕಳ ಗ್ರಾಮಸಭೆ ಎಷ್ಟೋ ಪಂಚಾಯತಿಗಳಲ್ಲಿ ಶಾಲೆಯಿಂದ ಸಾಲಾಗಿ ಕರೆತಂದ ಮಕ್ಕಳ ಕಾರ್ಯಕ್ರಮವಾಗಿ ಇಳಿದಿದೆ, ಶಾಲೆಯಲ್ಲಿ ಇಲ್ಲದವರು ಅಲ್ಲಿಗೂ ಬರುವುದಿಲ್ಲ.

ಒಬ್ಬ ದೊಡ್ಡ ಮನುಷ್ಯನ ಸುತ್ತ ಕಟ್ಟಿದ ಪರ್ಯಾಯ ಶಾಲೆಗಳ ಪಾಠವೂ ಇಲ್ಲಿ ಸಲ್ಲುತ್ತದೆ. ಶಿಕ್ಷಣತಜ್ಞ ನೀಲ್ 1921ರಲ್ಲಿ ಜರ್ಮನಿಯಲ್ಲಿ ಶುರು ಮಾಡಿ ಮುಂದೆ ಇಂಗ್ಲೆಂಡಿಗೆ ತಂದ ಸಮ್ಮರ್‌ಹಿಲ್ ಶಾಲೆ ಅವರ ನಂತರವೂ ಉಳಿಯಿತು. ಶಿಕ್ಷಕರಿಗೂ ಮಕ್ಕಳಿಗೂ ಸಮ ಮತವಿದ್ದ ಸಭೆಗೆ ಅದರಲ್ಲಿ ಸಣ್ಣ ಪಾಲಲ್ಲ. ಕೋಲಾರ ಜಿಲ್ಲೆಯಲ್ಲಿ ಡೇವಿಡ್ ಹಾರ್ಸ್‌ಬರೊ 1972ರಲ್ಲಿ ಶುರು ಮಾಡಿದ ನೀಲ್‌ಬಾಗ್ ಎಷ್ಟೋ ಒಳ್ಳೆಯ ಶಿಕ್ಷಕರನ್ನು ಬೆಳೆಸಿತು. 1984ರಲ್ಲಿ ಅವರು ತೀರಿಕೊಂಡ ಮೇಲೆ ಶಾಲೆ ಅದೇ ರೂಪದಲ್ಲಿ ಬಹುಕಾಲ ಉಳಿಯಲಿಲ್ಲ.

ಹದಿನಾಲ್ಕು ದಾಟಿದವರ ಸ್ಥಿತಿ ಇನ್ನೂ ಬಿಗಡಾಯಿಸಿದೆ. ಶಿಕ್ಷಣ ಹಕ್ಕು ಕಾಯ್ದೆ ಆ ವಯಸ್ಸಿಗೆ ನಿಲ್ಲುತ್ತದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರವೂ 14ರಿಂದ 18ರವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನುಬದ್ಧ. ಒಂಬತ್ತರಲ್ಲಿ ಬಿಟ್ಟ ಹುಡುಗನಿಗೆ ಎಸ್‌ಎಸ್‌ಎಲ್‌ಸಿಯ ಖಾಸಗಿ ಅಭ್ಯರ್ಥಿಯಾಗುವ ದಾರಿ, ಮುಕ್ತ ಶಾಲೆಯ ದಾರಿ, ಕೆಲವು ಐಟಿಐ ಕಸಬುಗಳ ದಾರಿ ಉಳಿದಿವೆ. ಮೂರಕ್ಕೂ ಅರ್ಜಿ ತುಂಬಿಸಿ, ಶುಲ್ಕ ಕಟ್ಟಿಸಿ, ಪರೀಕ್ಷೆಯ ದಿನ ಮನೆಯಿಂದ ಎಬ್ಬಿಸಿ ಕಳಿಸುವ ಒಬ್ಬರು ಬೇಕು. ಅಂಥ ಹುದ್ದೆ ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಗುತ್ತಿಲ್ಲವೆಂದು ಮೂರೂ ತಾಲ್ಲೂಕಿನ ತೋಟಿಗರು ಹೇಳುತ್ತಿರುವ ಕಾಲದಲ್ಲಿ ಆ ಕಸಬನ್ನು ಓದಿನ ಜೊತೆ, ಹಗ್ಗ ಸೊಂಟಪಟ್ಟಿಗಳ ಸುರಕ್ಷೆಯೊಡನೆ ಹದಿನೆಂಟು ತುಂಬಿದವರಿಗೆ ಕಲಿಸುವ ಶಾಲೆಯೊಂದು ಬಂದರೆ ಅದಕ್ಕೆ ಕೆಲಸದ ಕೊರತೆ ಆಗಲಿಕ್ಕಿಲ್ಲ.

ಒಟ್ಟು ತೀರ್ಪು ಹೀಗೆ: ಎಸ್‌ಡಿಎಂಸಿ ಸರಿಯಾದ ಪಾತ್ರೆ, ಅದರಲ್ಲಿ ಕೂರಬೇಕಾದವರು ಕೂತಿಲ್ಲ. ವಸತಿ ಶಾಲೆಗಳಿಗೆ ಕಟ್ಟಡವಿದೆ, ಮಗುವನ್ನು ಬಲ್ಲವರಿಗೆ ಅಧಿಕಾರವಿಲ್ಲ. ಇಲಾಖೆಗಳ ಗೋಡೆ ಒಡೆಯುವುದು ಬೆಂಗಳೂರಿನ ಕೆಲಸ, ಅದಕ್ಕೆ ಕಾಲ ಹಿಡಿಯುತ್ತದೆ. ಶಾಲೆ ಬಿಟ್ಟ ಮಗುವಿನ ತಾಯಿಯನ್ನು, ವಾರ್ಡನ್‌ರನ್ನು, ಅಡುಗೆಯವರನ್ನು ಮುಂದಿನ ಎಸ್‌ಡಿಎಂಸಿ ಸಭೆಗೆ ಆಹ್ವಾನಿತರಾಗಿ ಕರೆದು ಮಾತು ಕೇಳಲು ಹೊಸ ಕಾಯ್ದೆ ಬೇಡ, ಅನುದಾನ ಬೇಡ. ಕೊನೆಕೊಯ್ಲು ಶುರುವಾಗುವ ಮೊದಲು ಅಂಥದೊಂದು ಸಭೆಯನ್ನು ಅಧ್ಯಕ್ಷರೂ ಪಂಚಾಯತಿ ಸದಸ್ಯರೂ ಕರೆಯಲಿ.