ಗೂಢಚಾರನ ಕಂಠ

1978ರಲ್ಲಿ ದೊರೈ–ಭಗವಾನರು ತೆರೆಗಿತ್ತ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರವನ್ನು ಮೊದಲಿನಿಂದ ಕಡೆಯವರೆಗೆ ಕುಳಿತು ನೋಡಿದವರಿಗಿಂತ, ಅದರೊಳಗಿನ ಇಂಗ್ಲಿಷ್ ಹಾಡೊಂದನ್ನು ಮಾತ್ರ ಕೇಳಿ ನಕ್ಕವರೇ ಇಂದು ಹೆಚ್ಚು. ನಗುವವರದೊಂದು ಪಕ್ಷ, ನಗುವವರ ಮೇಲೆ ಮುನಿದು, ಹಾಡಿದವರು ರಾಜಕುಮಾರರಾದುದರಿಂದಲೇ ಆ ಹಾಡು ವಿಮರ್ಶೆಗೆ ಅತೀತವೆಂದು ಸಾರುವವರದು ಇನ್ನೊಂದು. ಈ ಇಬ್ಬರ ಗದ್ದಲದಲ್ಲಿ ಹಾಡಿನ ಹಿಂದೆ ಒಂದು ಚಿತ್ರವೂ ಇತ್ತೆಂಬ ಸಂಗತಿಯೇ ಮರೆತುಹೋಗಿದೆ. ಚಿತ್ರವು ಮಹತ್ಕೃತಿಯೆಂದು ನಾನು ವಾದಿಸಹೊರಟಿಲ್ಲ. ಗೂಢಚಾರ ಸಿ.ಐ.ಡಿ. 999ರ ಸರಣಿಯ ಮೊದಲನೆಯದಕ್ಕಿಂತ ಇದು ಕೆಳಗಿನದೇ. ಆದರೆ ಜನ ಯಾವ ಸ್ಥಳದಲ್ಲಿ ನಗುವರೋ ಅದೇ ಸ್ಥಳದಲ್ಲಿ ಚಿತ್ರವು ತನ್ನ ಉಳಿದೆಲ್ಲ ಭಾಗಗಳಿಗಿಂತ ಎತ್ತರಕ್ಕೆ ಏರಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ವಂಶಾವಳಿ ಓದುಗರಿಗೆ ತಿಳಿದದ್ದೇ. ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’ ಎರಡೂ 1968ರಲ್ಲಿ, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ 1969ರಲ್ಲಿ, ಅನಂತರ ಒಂಬತ್ತು ವರ್ಷಗಳ ಮೌನ, ತರುವಾಯ ವರ್ಣದಲ್ಲಿ, ನೇಪಾಳದ ಹೊರಾಂಗಣಗಳ ನಡುವೆ, ಪದ್ಮಪ್ರಿಯರನ್ನು ಜತೆಗಿಟ್ಟುಕೊಂಡು ಈ ನಾಲ್ಕನೆಯದು. ಜಯಂತಿ, ಲಕ್ಷ್ಮಿ, ರೇಖಾ ಎಂದು ನಾಯಕಿಯರು ಬದಲಾದರೂ ನಿರ್ದೇಶಕರಾಗಲಿ ನಾಯಕ ರಾಜಕುಮಾರರಾಗಲಿ ಸಂಗೀತ ನೀಡಿದ ಜಿ.ಕೆ. ವೆಂಕಟೇಶರಾಗಲಿ ಬದಲಾಗಲಿಲ್ಲ. ಮಾದರಿ ಪಶ್ಚಿಮದ ಬಾಂಡ್ ಎಂಬುದನ್ನು ಯಾರೂ ಮುಚ್ಚಿಟ್ಟಿಲ್ಲ. ಮುಚ್ಚಿಟ್ಟದ್ದು ಆತನ ಮದ್ಯವನ್ನೂ ಶಯ್ಯೆಯನ್ನೂ ಮಾತ್ರ. ಅವೆರಡನ್ನು ಕಳೆದ ಮೇಲೆ ಉಳಿದ ಸಾಹಸವನ್ನು, ಅಜ್ಜಿಯಿಂದ ಮೊಮ್ಮಗುವಿನ ತನಕ ಸಂಸಾರಸಮೇತ ಕುಳಿತು ನೋಡಬಹುದಾದ ವಿನೋದವನ್ನಾಗಿ ಮಾಡಿದ್ದು ಈ ನಿರ್ದೇಶಕ ಜೋಡಿಯ ಸಾಧನೆ. ‘ಕಸ್ತೂರಿ ನಿವಾಸ’, ‘ಎರಡು ಕನಸು’ಗಳಿಗಾಗಿ ಅವರನ್ನು ಹೊಗಳುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ‘ಸಂಸ್ಕಾರ’ದಿಂದ ‘ಘಟಶ್ರಾದ್ಧ’ದವರೆಗಿನ ದಾರಿಯೊಂದೇ ರಾಜಮಾರ್ಗವೆಂದು ನಂಬಿದ ವಿಮರ್ಶಕರಿಗಂತೂ ದೊರೈ–ಭಗವಾನರೇ ಲೆಕ್ಕಕ್ಕಿಲ್ಲ.

ಇಲ್ಲಿ ಒಂದು ಉಪಕಲಹವನ್ನು ಹೂಡದೆ ಮುಂದುವರಿಯಲು ನನಗೆ ಮನಸ್ಸಾಗದು. ದಕ್ಷಿಣದಲ್ಲಿ ಗೂಢಚಾರಚಿತ್ರದ ಮೊದಲ ಹೆಜ್ಜೆಯನ್ನಿಟ್ಟದ್ದು ಕನ್ನಡವೇ ಎಂದು ಬೆಂಗಳೂರಿನ ಕೆಲವು ಅಭಿಮಾನಿ ಬರಹಗಾರರು ಹೇಳುವುದುಂಟು. ರಾಯದುರ್ಗದಲ್ಲಿ ಬಾಳುವವನಿಗೆ ಈ ಮಾತನ್ನು ನಂಬುವ ಸೌಲಭ್ಯವಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೂ, ಅದೇ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದ ನಮ್ಮ ರಾಯದುರ್ಗವು ಆಂಧ್ರಕ್ಕೂ ಸಂದ ದಿನದಿಂದ, ಮನೆಯಲ್ಲಿ ಕನ್ನಡವಾಡುತ್ತ ಟಾಕೀಸಿನಲ್ಲಿ ತೆಲುಗು ಚಿತ್ರ ನೋಡುವುದು ಈ ಸೀಮೆಯವರ ನಿತ್ಯವಿಧಿಯಾಗಿದೆ. ಆದುದರಿಂದ ಕೃಷ್ಣ ನಾಯಕನಾದ ‘ಗೂಢಚಾರಿ 116’ ಬಂದದ್ದು 1966ರಲ್ಲಿ, ಎಂದರೆ ‘ಜೇಡರ ಬಲೆ’ಗಿಂತ ಎರಡು ವರ್ಷ ಮೊದಲು, ಎಂಬುದನ್ನು ಇಲ್ಲಿಯ ಹಿರಿಯರಿಗೆ ಪುಸ್ತಕ ತೆರೆದು ತೋರಿಸಬೇಕಾಗಿಲ್ಲ. ತಮಿಳಿನಲ್ಲಿ ಜೈಶಂಕರ್ ನಟಿಸಿದ ‘ವಲ್ಲವನ್ ಒರುವನ್’ ಕೂಡ ಅದೇ 1966ರದು. ಕನ್ನಡವು ಮೊದಲನೆಯದಲ್ಲವೆಂದು ಒಪ್ಪಿಕೊಂಡರೆ ಕನ್ನಡಕ್ಕೆ ಕುಂದೆಂದು ಭಾವಿಸುವವರು, ಎರಡನೆಯವನಾಗಿ ಬಂದವನು ಎದುರಿಸಿದ ತೊಡಕು ಎಂಥದೆಂಬುದನ್ನು ಕಾಣುವುದೇ ಇಲ್ಲ.

ಆ ತೊಡಕು ಇಂತಹುದು. 1965ರ ‘ತೇನೆ ಮನಸುಲು’ವಿನಲ್ಲಿ ಮುಖ ತೋರಿದ ಕೃಷ್ಣನು ಮರುವರ್ಷ ಗೂಢಚಾರನಾದಾಗ ಆತನ ಬೆನ್ನ ಹಿಂದೆ ಏನೂ ಇರಲಿಲ್ಲ, ಹೊಸ ಮುಖ, ಹೊಸ ಮೈ, ಯಾವ ಹೋಟೆಲಿಗೆ ಯಾವ ಹೆಸರಿನಿಂದ ಹೊಕ್ಕರೂ ಪ್ರೇಕ್ಷಕನು ನಂಬಲು ಸಿದ್ಧ. ರಾಜಕುಮಾರರ ಬೆನ್ನ ಹಿಂದೆಯಾದರೋ 1954ರ ಬೇಡರ ಕಣ್ಣಪ್ಪನಿದ್ದನು, ಕಬೀರನಿದ್ದನು, ಸತ್ಯಕ್ಕಾಗಿ ಸುಡುಗಾಡು ಕಾಯ್ದ ಹರಿಶ್ಚಂದ್ರನಿದ್ದನು. ಗುರುತು ಸಿಗದಿರುವುದೇ ಗೂಢಚಾರನ ಮೊದಲ ಧರ್ಮವಾಗಿರುವಲ್ಲಿ, ನಾಡಿಗೆ ನಾಡೇ ಗುರುತಿಸುವ ಪುರುಷನನ್ನು ಆ ಕೆಲಸಕ್ಕೆ ನಿಯಮಿಸುವುದು ಎಂಥ ವಿಪರ್ಯಾಸ! ಸುಳ್ಳಾಡದ ಹರಿಶ್ಚಂದ್ರನು ಸುಳ್ಳು ಹೆಸರನ್ನು ಹೇಳಿ ಶತ್ರುವಿನ ಮನೆಯನ್ನು ಹೊಗಬೇಕಾಗಿತ್ತು.

ಮೊದಲ ಮೂರು ಚಿತ್ರಗಳು ಈ ವಿಪರ್ಯಾಸವನ್ನು ಹೇಗೆ ಗೆದ್ದವೆಂಬುದಕ್ಕೆ ಕಪ್ಪುಬಿಳುಪಿನ ನೆರಳನ್ನೂ, ಕೋಟುಹ್ಯಾಟುಗಳನ್ನೂ ಕಾರಣವಾಗಿ ಹೇಳುವುದು ವಾಡಿಕೆ. ನನಗೆ ತೋರುವ ಕಾರಣ ಬೇರೆ: ಆಗ ಅವರ ಪಾಲಿಗೆ ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. ಆ ಮೃದುವಾದ, ಅಂಚಿಲ್ಲದ, ಯಾವ ಊರಿನದೆಂದು ಹೇಳಲಾಗದ ಕಂಠವು ರಾಜಕುಮಾರರ ಮುಖದ ಮೇಲೆ ಸದಾ ಇದ್ದ ಒಂದು ತೆಳುವಾದ ಮುಸುಕಾಗಿತ್ತು. ಮಾತನಾಡುವಾಗ ಒಬ್ಬನು, ಹಾಡುವಾಗ ಇನ್ನೊಬ್ಬನು. ಭಕ್ತಿಚಿತ್ರದಲ್ಲಿ ಈ ಭೇದವನ್ನು ನಾವು ಮರೆಯಬೇಕಾಗಿತ್ತು, ಗೂಢಚಾರಚಿತ್ರದಲ್ಲಿಯಾದರೆ ಅದೇ ಭೇದವು ಪಾತ್ರಕ್ಕೆ ಒದಗಿಬಂದಿತು. ಹಾಡು ಮೊದಲಾದೊಡನೆ ನಾಯಕನು ತಾನಲ್ಲದವನಾಗುತ್ತಿದ್ದನು, ಮತ್ತು ತಾನಲ್ಲದವನಾಗುವುದೇ ಆತನ ಉದ್ಯೋಗವಾಗಿತ್ತು. ನಿರ್ದೇಶಕರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೆಂದು ನಾನು ಹೇಳಲಾರೆ. ಕಲೆಯಲ್ಲಿ ಒದಗಿಬಂದದ್ದಕ್ಕೂ ಬೆಲೆಯುಂಟು.

1974ರ ‘ಸಂಪತ್ತಿಗೆ ಸವಾಲ್’ನಿಂದ ರಾಜಕುಮಾರರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಕನ್ನಡ ಸಂಗೀತಕ್ಕೆ ಅದರಿಂದಾದ ಲಾಭವನ್ನು ಕುರಿತು ಸಾಕಷ್ಟು ಬರೆಯಲಾಗಿದೆ, ಸಿ.ಐ.ಡಿ. 999ಗೆ ಆದ ನಷ್ಟವನ್ನು ಕುರಿತು ಯಾರೂ ಬರೆದಿಲ್ಲ. ನಾಲ್ಕನೆಯ ಚಿತ್ರದಲ್ಲಿ ಗೂಢಚಾರನು ಬಾಯ್ದೆರೆದು ಒಂದು ಕನ್ನಡ ಸ್ವರವನ್ನು ಎತ್ತಿದನೆಂದರೆ ಸಾಕು, ಮುಸುಕು ಕಳಚಿ ಬೀಳುತ್ತದೆ: ಇದು ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿದ, ಕೊನೆಯ ಸಾಲಿನವನಿಗೂ ಅಕ್ಷರ ಅಕ್ಷರವಾಗಿ ಕೇಳಿಸುವ, ಗಾಜನೂರಿನ ಕಂಠವೆಂಬುದು ಹಸುಳೆಗೂ ತಿಳಿಯುತ್ತದೆ. ಕಳ್ಳರಿಗೆ ಮಾತ್ರ ತಿಳಿಯದಿರುವುದು ಹೇಗೆ? ಈ ಪ್ರಶ್ನೆ ಮನಸ್ಸಿನಲ್ಲಿ ಎದ್ದ ಮೇಲೆ ಭಯಕ್ಕೆ ಸ್ಥಾನವಿಲ್ಲ, ವಿನೋದಕ್ಕೆ ಮಾತ್ರ ಸ್ಥಾನ. ಚಿತ್ರವು ಹಾಸ್ಯದ ಕಡೆಗೆ ವಾಲಿದ್ದಕ್ಕೆ ನಾಯಕನಿಗೆ 49 ವರ್ಷವಾಗಿತ್ತೆಂಬುದನ್ನು ಕಾರಣವಾಗಿ ಹೇಳುವವರಿದ್ದಾರೆ. ಅದೇ ಕಾಲದಲ್ಲಿ ಆ ಕಡೆಯ ಬಾಂಡ್ ಆಗಿದ್ದ ರೋಜರ್ ಮೂರ್ ಇವರಿಗಿಂತ ಸುಮಾರು ಒಂದೂವರೆ ವರ್ಷ ದೊಡ್ಡವನಾಗಿದ್ದು, ಆತನೂ ಹುಬ್ಬನ್ನೆತ್ತಿ ನಗಿಸುವ ಹಾದಿಯನ್ನೇ ಹಿಡಿದಿದ್ದನೆಂಬುದು ನಿಜ. ಆದರೂ ನಮ್ಮವರ ವಿಷಯದಲ್ಲಿ ವಯಸ್ಸಿಗಿಂತ ಕಂಠವೇ ಹೆಚ್ಚಿನ ಕಾರಣವೆಂದು ನಾನು ಹೇಳುವೆನು.

ಈಗ ಆ ಹಾಡು. ಚಿ. ಉದಯಶಂಕರರು ಬರೆದ ಇಂಗ್ಲಿಷ್ ಸಾಲುಗಳ ಅರ್ಥ ಇಷ್ಟೇ: ಇಂದು ಬಂದರೆ ತೀರ ಬೇಗವಾಯಿತು, ನಾಳೆ ಬಂದರೆ ತೀರ ತಡವಾಯಿತು, ಸಮಯವನ್ನು ನೀನೇ ಆರಿಸು; ಅದರೊಡನೆ ಗಡಿಯಾರದ ಟಿಕ್ ಟಿಕ್. ಇದನ್ನು ಅಸಂಬದ್ಧವೆಂದು ಹಾಸ್ಯಮಾಡುವವರು ಒಂದು ಕ್ಷಣ ನಿಂತು ಯೋಚಿಸಿದರೆ, ಇಂದಿಗೂ ನಾಳೆಗೂ ನಡುವೆ ಉಳಿದಿರುವ ಕಾಲ ಯಾವುದೆಂಬುದು ಹೊಳೆದೀತು. ಉಳಿದಿರುವುದು ರಾತ್ರಿಯೊಂದೇ. ಪಶ್ಚಿಮದ ಗೂಢಚಾರನು ಯಾವುದನ್ನು ತೆರೆಯ ಮೇಲೆ ತೋರಿಸಿ ಮುಗಿಸುತ್ತಾನೋ ಅದನ್ನು ಉದಯಶಂಕರರು ಹೆಸರು ಸಹ ಹೇಳದೆ ಎರಡು ಹಗಲುಗಳ ನಡುವಣ ಬಿರುಕಿನಲ್ಲಿ ಅಡಗಿಸಿಟ್ಟಿದ್ದಾರೆ. ಮಗು ಟಿಕ್ ಟಿಕ್ ಶಬ್ದಕ್ಕೆ ಕುಣಿಯುತ್ತದೆ, ದೊಡ್ಡವರು ಬಲ್ಲರು, ಅಜ್ಜಿಗೆ ಇಂಗ್ಲಿಷ್ ಬಾರದು. ಸಂಸಾರಸಮೇತ ನೋಡುವ ಸಾಹಸಚಿತ್ರಕ್ಕೆ ಇದಕ್ಕಿಂತ ಚೊಕ್ಕವಾದ ಉಪಾಯ ಉಂಟೆ?

ಉಚ್ಚಾರವನ್ನು ಕುರಿತ ನಗೆಯಾದರೂ ಇನ್ನೂ ಹೆಚ್ಚಿನ ಅವಿವೇಕದ್ದು. ಎಳವೆಯಲ್ಲಿಯೇ ಶಾಲೆ ಬಿಟ್ಟು ಬಣ್ಣ ಹಚ್ಚಿದ ನಟನು ಆ ಸಾಲುಗಳನ್ನು ಹಾಡುವ ರೀತಿಯನ್ನು ಗಮನಿಸಬೇಕು. ಪದಗಳನ್ನು ನುಂಗುವುದಿಲ್ಲ, ಮೂಗಿನಲ್ಲಿ ತೇಲಿಸುವುದಿಲ್ಲ. ಕಂದಪದ್ಯವನ್ನು ಓದುವವನ ಹಾಗೆ ಒಂದೊಂದು ಅಕ್ಷರಕ್ಕೂ ಅದರ ಮಾತ್ರೆಯನ್ನು ಸಲ್ಲಿಸುತ್ತ, ಗಡಿಯಾರದ ಲಯದ ಮೇಲೆ ಹೆಜ್ಜೆ ತಪ್ಪದೆ ನಡೆಯುತ್ತಾರೆ. ಮಿಗಿಲಾಗಿ, ಕನ್ನಡದಲ್ಲಿ ಮುಸುಕು ಕಳೆದುಕೊಂಡಿದ್ದ ಆ ಕಂಠಕ್ಕೆ ಪರಭಾಷೆಯು ಮತ್ತೆ ಮುಸುಕನ್ನು ಹೊದಿಸುತ್ತದೆ. ಚಿತ್ರದಲ್ಲಿ ಗೂಢಚಾರನು ನಿಜವಾಗಿಯೂ ವೇಷ ಧರಿಸಿರುವುದು ಇದೊಂದೇ ಹಾಡಿನಲ್ಲಿ. ತನ್ನದಲ್ಲದ ನುಡಿಯೊಳಗೆ ಎಚ್ಚರದಿಂದ, ಎಡವದೆ, ತನ್ನದೇ ಎಂಬಂತೆ ಸಾಗುವುದು ಎಂಥ ಕೆಲಸವೆಂಬುದು ನಮ್ಮಂತೆಯೇ ಗಡಿಯಲ್ಲಿರುವ ಮಡಕಶಿರಾ ಸೀಮೆಯವರಿಗೆ ಗೊತ್ತು: ಹೇಮಾವತಿಯಲ್ಲಿ ನೊಳಂಬರು ಕಲ್ಲಿನ ಮೇಲೆ ಕನ್ನಡ ಬರೆಸಿಟ್ಟು ಹೋಗಿದ್ದಾರೆ, ಕಚೇರಿಯ ಅರ್ಜಿಯನ್ನು ನಾವು ತೆಲುಗಿನಲ್ಲಿ ಬರೆಯುತ್ತೇವೆ. ಇಲ್ಲಿ ನಗುವವರು ಕಡಮೆ.

ಹಾಡೊಂದೇ ಉಳಿದು ಚಿತ್ರವು ಅಳಿದುದಕ್ಕೆ ಕಾರಣ ರಸಿಕರ ಅಭಿರುಚಿಯೆಂದು ತಿಳಿಯುವುದು ತಪ್ಪು. ಅರ್ಧ ಕಾರಣ ಯಂತ್ರದ್ದು. ಗಡಿಯ ಈಚೆಗೆ ಹಳೆಯ ಕನ್ನಡ ಚಿತ್ರಗಳು ಬಂದದ್ದು ಬಳ್ಳಾರಿ, ಪಾವಗಡ, ಶಿರಾಗಳ ಬಸ್‌ಸ್ಟ್ಯಾಂಡ್ ಅಂಗಡಿಗಳಿಂದ, ವಿ.ಸಿ.ಡಿ.ಗಳ ರೂಪದಲ್ಲಿ. ಒಂದು ಡಿಸ್ಕಿನಲ್ಲಿ ಹಿಡಿಯುವುದು 74ರಿಂದ 80 ನಿಮಿಷ. ಆದುದರಿಂದ ಚಿತ್ರವನ್ನು ಎರಡಾಗಿ, ಕೆಲವೊಮ್ಮೆ ಮೂರಾಗಿ ಕೊಯ್ಯುತ್ತಿದ್ದರು, ಮತ್ತು ಆ ಕೊಯ್ತವು ನಿರ್ದೇಶಕನು ಉಸಿರು ಬಿಗಿಹಿಡಿಸಿ ನಿಲ್ಲಿಸಿದ ಇಂಟರ್‌ವಲ್ಲಿಗೆ ಬಾರದೆ ಮಾತಿನ ನಡುವೆ ಬೀಳುತ್ತಿತ್ತು. ಇದನ್ನು ಸಹಿಸಬಹುದು. ಸಹಿಸಲಾಗದ್ದು ಬಿಂಬದ ಗತಿ. ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆಗಳ ಆ ಕಿರಿದಾದ ಚೌಕಟ್ಟಿನಲ್ಲಿ ಹಿಮಾಲಯದ ತಪ್ಪಲಿನ ದೂರದೃಶ್ಯವು ಚೌಕುಳಿಗಳ ರಾಶಿಯಾಗಿ ಒಡೆಯುತ್ತದೆ. ಓಡುವ ಮನುಷ್ಯನಾವನು, ಬೆನ್ನಟ್ಟುವವನಾವನು ಎಂಬ ಭೇದವೇ ಹೋಗುತ್ತದೆ. ನಿರ್ಮಾಪಕನು ಹಣ ಸುರಿದದ್ದು ಯಾವುದಕ್ಕೋ ಅದೇ ನಾಶ. ಧ್ವನಿಯ ಪಾಲಿಗಾದರೋ ವಿ.ಸಿ.ಡಿ. ಸೆಕೆಂಡಿಗೆ 224 ಕಿಲೋಬಿಟ್ಟುಗಳನ್ನು ಕೊಡುತ್ತದೆ, ಅಂದರೆ ಹಾಡು ಮನೆಯ ಟೀವಿಯಲ್ಲಿ ಕೇಳುವುದಕ್ಕೆ ಧಾರಾಳವಾಗಿ ಸಾಕು. ನೋಡಲಾಗದ, ಕೇಳಬಹುದಾದ ಚಿತ್ರವೊಂದು ಮನೆಗೆ ಬಂದಿತು, ಮನೆಯವರು ಕೇಳಿದರು. ಆಮೇಲೆ ಮೊಬೈಲು ಆ ಹಾಡನ್ನು ಕತ್ತರಿಸಿ ಊರೂರಿಗೆ ಕಳಿಸಿದ್ದು ಉಪಸಂಹಾರ ಮಾತ್ರ. 2007ರ ಸುಮಾರಿಗೆ ಮೋಸರ್ ಬೇಯರ್ ಕಂಪನಿಯು 28 ರೂಪಾಯಿಗೆ ವಿ.ಸಿ.ಡಿ. ಮಾರತೊಡಗಿದಾಗ ಜನಕ್ಕೆ ಉಪಕಾರವಾಯಿತೆಂದು ಬರೆದವರೊಡನೆ ನನಗೆ ವಾದವಿಲ್ಲ. ಅಗ್ಗವಾದದ್ದು ಬೆಲೆ, ಚಿತ್ರವಲ್ಲ ಎಂದು ಮಾತ್ರ ಸೇರಿಸುವೆನು.

2014ರಲ್ಲಿ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಚ್ಚಿ ಮತ್ತೆ ತೆರೆಗೆ ತಂದಾಗ, ಮುಂದಿನ ಸರದಿ ‘ಜೇಡರ ಬಲೆ’ಯದಾಗಲಿ ಎಂಬ ಕೂಗು ಎದ್ದರೆ ಆಶ್ಚರ್ಯವಿಲ್ಲ. ಅದರ ನೆರಳುಗಳಿಗೆ ಬಣ್ಣ ಬಳಿಯುವುದನ್ನು ನಾನು ವಿರೋಧಿಸುವೆನು. ಮಾಡತಕ್ಕ ಕೆಲಸ ಬೇರೆ: ನಾಲ್ಕು ಚಿತ್ರಗಳನ್ನೂ ಮೂಲ ನೆಗೆಟಿವಿನಿಂದ ಶುದ್ಧಮಾಡಿ, ಡಿಸ್ಕ್ ಮಾರುವ ಕಂಪನಿಯ ಮುದ್ರೆಯನ್ನು ನಾಯಕನ ಹಣೆಯ ಮೇಲೆ ಒತ್ತದೆ, ಇಂಟರ್‌ವಲ್ಲನ್ನು ಅದರ ಸ್ಥಾನದಲ್ಲಿಯೇ ಬಿಟ್ಟು, ಒಂದೇ ಪೆಟ್ಟಿಗೆಯಲ್ಲಿ ಹೊರತರಬೇಕು. ಪಿ.ಬಿ. ಶ್ರೀನಿವಾಸರ ಕಂಠದ ಮೂರನ್ನು ಮೊದಲು ನೋಡಿ, ಅನಂತರ ನಾಲ್ಕನೆಯದಕ್ಕೆ ಬಂದವನು ಆ ಇಂಗ್ಲಿಷ್ ಹಾಡಿನ ಬಳಿ ನಗುವನೋ ಇಲ್ಲವೋ ಆಗ ನೋಡೋಣ.