ದುರಸ್ತಿ ಕೈಪಿಡಿಗಳ ರಚನೆಯೂ ಬೆಲೆಯೂ

ಗ್ರಂಥವಿಮರ್ಶೆಯೆಂದರೆ ಕಾವ್ಯ, ನಾಟಕ, ಕಾದಂಬರಿಗಳ ಗುಣದೋಷವಿಚಾರವೆಂದೇ ನಮ್ಮಲ್ಲಿ ರೂಢಿಯಾಗಿದೆ. ಟ್ರ್ಯಾಕ್ಟರು, ಪಂಪುಸೆಟ್ಟು, ಹೊಲಿಗೆಯಂತ್ರ ಮೊದಲಾದವುಗಳ ದುರಸ್ತಿಯನ್ನು ಬೋಧಿಸುವ ಕೈಪಿಡಿಗಳನ್ನು ಸಾಹಿತ್ಯಪತ್ರಿಕೆಯಲ್ಲಿ ವಿಚಾರಿಸುವುದು ಕೆಲವರಿಗೆ ಅಪ್ರಸ್ತುತವಾಗಿ ತೋರಬಹುದು. ಬೀದರ ಸೀಮೆಯವರಾದ ನಮಗಂತೂ ಹಾಗೆ ತೋರಬೇಕಾದ ಕಾರಣವಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ನೆಲದೊಳಗಣ ನೀರನ್ನು ಕಂಡುಕೊಳ್ಳುವುದು, ಗಿಡಮರಗಳ ಆರೈಕೆ, ಅಡುಗೆ, ಸುಗಂಧದ್ರವ್ಯಗಳ ತಯಾರಿಕೆ ಮುಂತಾದ ನಿತ್ಯೋಪಯೋಗಿ ಕಾರ್ಯಗಳನ್ನೇ ಹೇಳುವ ಗ್ರಂಥ. ಚಾಲುಕ್ಯವಂಶದವನೇ ಆದ ಕೀರ್ತಿವರ್ಮನು 12ನೆಯ ಶತಮಾನದಲ್ಲಿ ‘ಗೋವೈದ್ಯ’ವನ್ನು ಬರೆದನು. ನೇಗಿಲನ್ನು ಎತ್ತು ಎಳೆಯುತ್ತಿದ್ದ ಕಾಲದಲ್ಲಿ ಗೋವೈದ್ಯವೇ ಒಕ್ಕಲಿಗನ ದುರಸ್ತಿಶಾಸ್ತ್ರವಾಗಿದ್ದಿತು. ದೇವಣಿ ತಳಿಯ ಎತ್ತುಗಳಿಗೆ ಹೆಸರಾದ ಈ ಸೀಮೆಯ ಹೊಲಗಳಲ್ಲಿ ಇಂದು ಟ್ರ್ಯಾಕ್ಟರು ಉಳುತ್ತಿರಲು, ಅದರ ವೈದ್ಯವನ್ನೂ ಕನ್ನಡದಲ್ಲಿ ಬರೆಯುವುದು ಹಳೆಯ ಪರಂಪರೆಯ ಮುಂದುವರಿಕೆಯೇ ಹೊರತು ಹೊಸ ಸಾಹಸವಲ್ಲ.

ಶಾಸ್ತ್ರಗ್ರಂಥವನ್ನು ಪರೀಕ್ಷಿಸುವುದಕ್ಕೆ ನಮ್ಮ ಪ್ರಾಚೀನರು ಅನುಬಂಧಚತುಷ್ಟಯವೆಂಬ ಒರೆಗಲ್ಲನ್ನು ಕೊಟ್ಟಿರುವರು. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬವೇ ಆ ನಾಲ್ಕು. ವಿಷಯವು ಯಂತ್ರ, ಪ್ರಯೋಜನವು ಕೆಟ್ಟ ಯಂತ್ರವು ಮತ್ತೆ ನಡೆಯುವುದು, ಇವೆರಡರಲ್ಲಿ ವಿವಾದವಿಲ್ಲ. ಕೈಪಿಡಿಗಳು ಎಡವುವುದು ಅಧಿಕಾರಿಯ ನಿರ್ಣಯದಲ್ಲಿ, ಎಂದರೆ ಗ್ರಂಥವು ಯಾರಿಗೆ ಸಲ್ಲತಕ್ಕದ್ದೆಂಬ ವಿಚಾರದಲ್ಲಿ. ಯಂತ್ರದೊಡನೆ ಬರುವ ಕನ್ನಡ ಪುಸ್ತಿಕೆಯು ಬಹುಮಟ್ಟಿಗೆ ಕೊಂಡವನಿಗಾಗಿ ಬರೆದದ್ದು. ಎಣ್ಣೆಯನ್ನು ನೋಡಿರಿ, ಫಿಲ್ಟರನ್ನು ಬದಲಿಸಿರಿ, ಮಿಕ್ಕುದಕ್ಕೆ ಕಂಪನಿಯ ಸೇವಾಕೇಂದ್ರಕ್ಕೆ ಹೋಗಿರಿ ಎಂಬಲ್ಲಿಗೆ ಅದರ ಉಪದೇಶವು ಮುಗಿಯುತ್ತದೆ. ಬಿಚ್ಚಿ ಜೋಡಿಸುವವನಿಗೆ ಬೇಕಾದ ಅಳತೆಗಳು, ಬೋಲ್ಟುಗಳ ಬಿಗಿತದ ಪ್ರಮಾಣ, ತಂತಿಗಳ ನಕ್ಷೆ ಇವೆಲ್ಲ ಇಂಗ್ಲಿಷಿನ ಬೇರೊಂದು ದೊಡ್ಡ ಪುಸ್ತಕದಲ್ಲಿರುವುವು. ಔರಾದದ ಗ್ಯಾರೇಜಿನಲ್ಲಿ ಕುಳಿತ ತರುಣನೇ ನಿಜವಾದ ಅಧಿಕಾರಿ. ಕನ್ನಡವನ್ನು ಓದಬಲ್ಲ ಅವನ ಕೈಗೆ ಅವನಿಗಾಗಿ ಬರೆದ ಗ್ರಂಥವು ಬರುವುದಿಲ್ಲ. ಸೋಯಾ ಬಿತ್ತನೆಯ ಹದವು ನಾಲ್ಕಾರು ದಿನಗಳದ್ದು. ಆ ದಿನಗಳಲ್ಲಿ ಟ್ರ್ಯಾಕ್ಟರು ನಿಂತರೆ ನಷ್ಟವು ಕೇವಲ ದುರಸ್ತಿಯ ಖರ್ಚಲ್ಲ, ಒಂದು ಹಂಗಾಮಿನ ಬೆಳೆ.

ಇನ್ನು ಭಾಷೆಯ ಮಾತು. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಗುರುವು ಉಸ್ತಾದನು, ಸ್ಪ್ಯಾನರು ಪಾನಾ, ತಿರುಪು ಪೇಚು, ಬಿಡಿಭಾಗ ಪುರ್ಜಾ. ಇವುಗಳಿಗೆ ಬದಲಾಗಿ ‘ಆವರ್ತಕೀಲಕ’ವೆಂಬಂತಹ ಪದಗಳನ್ನು ಟಂಕಿಸಿದರೆ ಪಂಡಿತರು ತಲೆದೂಗಬಹುದು, ಓದುಗನು ಪುಸ್ತಕವನ್ನು ಮುಚ್ಚುವನು. ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕಲಿತವನಾದರೂ ನಾನಿದನ್ನು ನಿಸ್ಸಂಕೋಚವಾಗಿ ಹೇಳುತ್ತೇನೆ. ಇದಕ್ಕೆ ನಮ್ಮ ಹಿಂದಣ ಹೈದರಾಬಾದು ಸಂಸ್ಥಾನವೇ ನಿದರ್ಶನ. 1917ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ ಸ್ಥಾಪಿತವಾದ ಭಾಷಾಂತರ ಇಲಾಖೆಯು ವಿಜ್ಞಾನಾದಿ ಶಾಸ್ತ್ರಗಳನ್ನು ಉರ್ದುವಿಗೆ ತಂದು ಅರಬ್ಬೀ ಪಾರಸೀ ಮೂಲಗಳಿಂದ ಅನೇಕ ಪರಿಭಾಷೆಗಳನ್ನು ನಿರ್ಮಿಸಿತು. ಆ ಉದ್ಯಮವು ಶ್ಲಾಘ್ಯವಾದುದೇ. ಆದರೆ ಇಂದು ಬೀದರಿನ ಮಿಸ್ತ್ರಿಯ ಬಾಯಲ್ಲಿ ಉಳಿದಿರುವುದು ಆ ಗ್ರಾಂಥಿಕ ಪದಗಳಲ್ಲ, ಕೈಗೆಲಸದೊಡನೆ ಬಂದ ಪೇಚು ಪುರ್ಜಾಗಳೇ. ಕೈಪಿಡಿಯು ಅವನ್ನೇ ಬಳಸಿ, ಬೇರೆ ಸೀಮೆಯವರಿಗಾಗಿ ಕೊನೆಯಲ್ಲೊಂದು ಪದಪಟ್ಟಿಯನ್ನು ಕೊಟ್ಟರೆ ಸಾಕು.

ರಚನಾಕ್ರಮದಲ್ಲಿ ಇಂಗ್ಲೆಂಡಿನ ಜಾನ್ ಹೇಯ್ನ್ಸನ ಮಾರ್ಗವು ಅನುಕರಣೀಯವಾದುದು. 1966ರಲ್ಲಿ ಆತನು ಆಸ್ಟಿನ್ ಹೀಲಿ ಸ್ಪ್ರೈಟ್ ಎಂಬ ಮೋಟಾರಿನ ಕೈಪಿಡಿಯನ್ನು ಪ್ರಕಟಿಸಿದನು. ವಾಹನವನ್ನು ಪೂರ್ತಿಯಾಗಿ ಬಿಚ್ಚಿ, ಮತ್ತೆ ಜೋಡಿಸಿ, ಹಂತಹಂತದ ಚಿತ್ರಗಳೊಡನೆ ಬರೆಯುವುದೇ ಆ ಮಾಲೆಯ ವ್ರತವಾಯಿತು. ‘ಸಂಬಂಧ’ವೆಂಬ ಅನುಬಂಧವು ಸಿದ್ಧಿಸುವುದು ಹೀಗೆ, ಮೂಲಯಂತ್ರವನ್ನು ಮುಟ್ಟದೆ ಮೇಜಿನ ಮೇಲೆ ಮಾಡಿದ ಭಾಷಾಂತರದಿಂದ ಅದು ಸಿದ್ಧಿಸದು. ಹೊಸ ಮಾದರಿಗಳ ಕೈಪಿಡಿಗಳನ್ನು ಇನ್ನು ಅಚ್ಚುಮಾಡುವುದಿಲ್ಲವೆಂದು ಆ ಸಂಸ್ಥೆಯು 2020ರಲ್ಲಿ ಸಾರಿದುದರಿಂದ, ಅಚ್ಚೋ ಡಿಜಿಟಲ್ಲೋ ಎಂಬ ಪ್ರಶ್ನೆಯು ನಮಗೂ ಪ್ರಾಪ್ತವಾಗಿದೆ.

ಇಲ್ಲಿ ಎರಡು ಭ್ರಮೆಗಳುಂಟು. ಡಿಜಿಟಲ್ ಪ್ರತಿಯು ಪುಕ್ಕಟೆಯಾಗಿರಬೇಕೆಂಬುದು ಓದುಗರದು. ಅಚ್ಚಿನ ಪ್ರತಿಯ ಬೆಲೆಯನ್ನೇ ಅದಕ್ಕೂ ಇಡಬಹುದೆಂಬುದು ಕೆಲವು ಪ್ರಕಾಶಕರದು. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಉಸ್ತಾದನ ಸಂಭಾವನೆ, ಚಿತ್ರಗಳು, ಬರವಣಿಗೆ, ತಿದ್ದುವಿಕೆ, ಅಕ್ಷರಜೋಡಣೆ ಇವಕ್ಕೆ 60,000 ರೂಪಾಯಿಯೂ, ಕಾಗದ ಅಚ್ಚು ರಟ್ಟುಗಳಿಗೆ ಪ್ರತಿಯೊಂದಕ್ಕೆ 80 ರೂಪಾಯಿಯೂ ತಗುಲಿತೆನ್ನಿ. 300 ಪ್ರತಿಗಳಾದರೆ ಒಂದರ ಅಸಲು 280 ರೂಪಾಯಿ. 1,500 ಪ್ರತಿಗಳಾದರೆ 120. ಡಿಜಿಟಲ್ ರೂಪದಲ್ಲಿ ಉಳಿಯುವುದು ಆ 80 ರೂಪಾಯಿ ಮಾತ್ರ. 60,000 ಎಲ್ಲಿಯೂ ಹೋಗುವುದಿಲ್ಲ. ಪುಕ್ಕಟೆ ಕೊಡೆಂದರೆ ಉಸ್ತಾದನ ಶ್ರಮವನ್ನು ಅಪಹರಿಸಿದಂತೆ. ಸಮಬೆಲೆ ಇಟ್ಟರೆ ಇಲ್ಲದ ಕಾಗದಕ್ಕೆ ಹಣ ಕೇಳಿದಂತೆ. ಆದುದರಿಂದ ಅಚ್ಚಿನ ಪ್ರತಿಯನ್ನು ಕೊಂಡವನಿಗೆ ಡಿಜಿಟಲ್ ಪ್ರತಿಯನ್ನು ಜೊತೆಯಲ್ಲಿಯೇ ಕೊಡುವುದು, ಡಿಜಿಟಲ್ ಮಾತ್ರ ಬೇಕಾದವನಿಂದ ರಚನಾವೆಚ್ಚದ ಪಾಲನ್ನಷ್ಟೇ ತೆಗೆದುಕೊಳ್ಳುವುದು ನ್ಯಾಯವೆಂದು ತೋರುತ್ತದೆ. ತೆರಿಗೆಯ ವಿಧಾನವೂ ಈ ಜೋಡಿಗೆ ಅನುಕೂಲವಾಗಿದೆ: ಮುದ್ರಿತ ಗ್ರಂಥಗಳಿಗೆ ಜಿ.ಎಸ್.ಟಿ. ಇಲ್ಲ, ಮುದ್ರಿತ ರೂಪವೂ ಉಳ್ಳ ಡಿಜಿಟಲ್ ಗ್ರಂಥಗಳಿಗೆ ಅದನ್ನು 2018ರಲ್ಲಿ ಶೇಕಡಾ 18ರಿಂದ 5ಕ್ಕೆ ಇಳಿಸಲಾಯಿತು.

ಎರಡು ರೂಪಗಳಿಗೂ ತಮ್ಮತಮ್ಮ ಕೆಲಸವುಂಟು. ತಂತಿಗಳ ನಕ್ಷೆಗೆ ಅಗಲವಾದ ಹಾಳೆ ಬೇಕು. ಅಂಗೈಯಗಲದ ಮೊಬೈಲಿನಲ್ಲಿ ಅದು ದಾರದ ಸಿಕ್ಕಿನಂತೆ ಕಾಣುವುದು. ಗ್ರೀಸು ಮೆತ್ತಿದ ಬೆರಳು ಪುಟವನ್ನು ಮಗುಚಬಲ್ಲದು, ಮೊಬೈಲಿನ ಗಾಜಿನ ಮೇಲೆ ಆಡಲಾರದು. ಮಾದರಿಯು ಬದಲಾದಾಗ ಪುಟಗಳನ್ನು ತಿದ್ದುವುದು, ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕುವುದು ಡಿಜಿಟಲ್ಲಿನ ಗುಣ. ಆದರೆ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಜೋಡಿಸಿದರೆ, ಇಲ್ಲವೆ ಪುಟಗಳ ಛಾಯಾಚಿತ್ರವನ್ನಷ್ಟೇ ಇಟ್ಟರೆ, ಆ ಗುಣವೂ ನಷ್ಟವಾಗುವುದು. ವಿಡಿಯೋಗಳಿರುವಾಗ ಗ್ರಂಥವೇಕೆಂದು ಕೇಳಬಹುದು. ಕೈ ಹೇಗೆ ಆಡಬೇಕೆಂಬುದನ್ನು ವಿಡಿಯೋ ಚೆನ್ನಾಗಿ ತೋರಿಸುವುದು. ವಾಲ್ವಿನ ಸಂದು ಎಷ್ಟಿರಬೇಕೆಂಬ ಒಂದು ಅಂಕಿಗಾಗಿ ಅರ್ಧಗಂಟೆ ಅದನ್ನು ನೋಡುತ್ತ ಕೂರುವುದು ಕೆಲಸಗಾರನಿಗೆ ಸಾಧ್ಯವಿಲ್ಲ.

2022ರ ಡಿಸೆಂಬರ್ 24ರಂದು ಕೇಂದ್ರ ಸರಕಾರವು ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದು, ಕೃಷಿಯಂತ್ರಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಮಾಹಿತಿಯನ್ನು ಕೇಳುವ ಹಕ್ಕನ್ನು ಒಪ್ಪಿದ ಮೇಲೆ ಅದು ಓದುಗನಿಗೆ ತಿಳಿಯುವ ಭಾಷೆಯಲ್ಲಿ ದೊರೆಯುವಂತೆ ಮಾಡುವ ಹೊಣೆಯು ನಮ್ಮಂಥ ಸಂಘಗಳದ್ದೂ ಹೌದು. ಬೀದರ ಒಂದೇ ಜಿಲ್ಲೆಗೆ 1,500 ಪ್ರತಿ ಹೆಚ್ಚಾಗಬಹುದು. ಕಲಬುರಗಿ, ಯಾದಗಿರಿ, ರಾಯಚೂರುಗಳ ಸಂಘಗಳು ಜೊತೆಗೂಡಿದರೆ ಹೆಚ್ಚಲ್ಲ. ಮುಂಗಡ ಚಂದಾ ಕೂಡಿಸಿ ಗ್ರಂಥಗಳನ್ನು ಹೊರಡಿಸುವ ಪದ್ಧತಿಯು ಕನ್ನಡಕ್ಕೆ ಹೊಸತಲ್ಲ. ಭಾಲ್ಕಿಯ ಒಬ್ಬ ನುರಿತ ಉಸ್ತಾದನನ್ನೂ, ಒಬ್ಬ ಚಿತ್ರಕಾರನನ್ನೂ, ಕನ್ನಡವನ್ನು ಶುದ್ಧವಾಗಿ ಬರೆಯಬಲ್ಲ ಒಬ್ಬ ಉಪಾಧ್ಯಾಯನನ್ನೂ ಒಂದು ಪಂಪುಸೆಟ್ಟಿನ ಮುಂದೆ ಕೂರಿಸಿದರೆ ಮೊದಲನೆಯ ಪುಸ್ತಕವು ಸಿದ್ಧವಾಗುವುದು. ಉಸ್ತಾದರು ವೃದ್ಧರಾಗುತ್ತಿರುವರು, ಅವರ ವಿದ್ಯೆಯು ಇನ್ನೂ ಅವರ ಕೈಗಳಲ್ಲಿ ಮಾತ್ರ ಇದೆ. ಆದುದರಿಂದ ಈ ಕಾರ್ಯದಲ್ಲಿ ವಿಲಂಬವು ಸಲ್ಲದು.